ಯಾರನ್ನು ನಂಬಬೇಕೆಂದು ನಮಗೆ ಕಲಿಸುವುದು ಅನುಭವವೋ, ಓದೋ?

ಅರಿವಿನಹಾದಿ:

ಓದು ಬರಹ ಕಡಿಮೆ ಇರುವವರು ಯಾರನ್ನಾದರೂ ಬೇಗ ನಂಬಿಬಿಡುತ್ತಾರೆ, ಓದಿದವರು ಅಳೆದು ತೂಗಿ ನಂಬುತ್ತಾರೆ ಎಂಬ ಮಾತನ್ನು ನಾವೆಲ್ಲ ಯಾವ ಪರೀಕ್ಷೆಗೂ ಒಡ್ಡದೆ ಒಪ್ಪಿಕೊಂಡಿದ್ದೇವೆ. ಈ ವಿಷಯದಲ್ಲಿ ದಶಕಗಳಿಂದ ನಡೆದಿರುವ ಸಮೀಕ್ಷೆಗಳು ಬಹುಮಟ್ಟಿಗೆ ಇದಕ್ಕೆ ತಿರುಗುಮುರುಗಾದದ್ದನ್ನು ಹೇಳುತ್ತಿರುವುದರಿಂದ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

1981ರಲ್ಲಿ ಶುರುವಾದ ವಿಶ್ವ ಮೌಲ್ಯ ಸಮೀಕ್ಷೆಯಲ್ಲಿ ಜನರ ಮುಂದೆ ಇಡುತ್ತ ಬಂದಿರುವ ಪ್ರಶ್ನೆಯೊಂದಿದೆ. ಹೆಚ್ಚಿನ ಜನರನ್ನು ನಂಬಬಹುದು ಎನ್ನುತ್ತೀರೋ, ಜನರೊಡನೆ ವ್ಯವಹರಿಸುವಾಗ ಎಷ್ಟು ಎಚ್ಚರವಿದ್ದರೂ ಸಾಲದು ಎನ್ನುತ್ತೀರೋ ಎಂಬುದು ಅದರ ಸಾರ. ನಾರ್ವೆ, ಸ್ವೀಡನ್, ಡೆನ್ಮಾರ್ಕ್ ದೇಶಗಳಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಮಂದಿ ನಂಬಬಹುದು ಎನ್ನುತ್ತಾರೆ. ಕೊಲಂಬಿಯಾದಲ್ಲಿ ಹಾಗೆನ್ನುವವರು ನೂರಕ್ಕೆ 10ನ್ನೂ ಮುಟ್ಟುವುದಿಲ್ಲ. ದೇಶದೇಶಗಳ ನಡುವಿನ ಈ ಅಂತರವನ್ನು ಸದ್ಯಕ್ಕೆ ಬದಿಗಿಟ್ಟು ಒಂದೇ ದೇಶದ ಒಳಗೆ ನೋಡಿದರೆ, ಅದರಲ್ಲಿಯೂ ಶ್ರೀಮಂತ ದೇಶಗಳಲ್ಲಿ, ಹೆಚ್ಚು ಓದಿದವರೇ ಅಪರಿಚಿತರನ್ನು ಹೆಚ್ಚು ನಂಬುತ್ತಾರೆಂಬುದು ಮತ್ತೆ ಮತ್ತೆ ಕಂಡುಬಂದಿದೆ. ಆಲ್ಬೆರ್ಟೊ ಅಲೆಸಿನಾ ಮತ್ತು ಎಲಿಯಾನಾ ಲಾ ಫೆರಾರಾ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಸಮೀಕ್ಷೆಗಳನ್ನು ಆಧರಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯಾರ ನಂಬಿಕೆ ಕಡಿಮೆ ಎಂಬುದನ್ನು ಗುರುತಿಸಿದರು: ಈಚೆಗೆ ದೊಡ್ಡ ಆಘಾತವನ್ನು ಅನುಭವಿಸಿದವರು, ಬಹುಕಾಲ ತಾರತಮ್ಯಕ್ಕೆ ಗುರಿಯಾದ ಸಮುದಾಯಗಳಿಗೆ ಸೇರಿದವರು, ಆದಾಯದಲ್ಲಿಯೂ ಓದಿನಲ್ಲಿಯೂ ಹಿಂದುಳಿದವರು.

ಈ ಪಟ್ಟಿಯನ್ನು ಓದಿದಾಗ ನನಗೆ ಮೊದಲು ಹೊಳೆದದ್ದು, ಇಲ್ಲಿ ಓದು ಮತ್ತು ಅನುಭವ ಎರಡು ಬೇರೆ ಬೇರೆ ಸಂಗತಿಗಳೇ ಅಲ್ಲ ಎಂಬುದು. ಓದಿದವನನ್ನು ಕಚೇರಿಯಲ್ಲಿ ಕುಳ್ಳಿರಿಸಿ ಮಾತನಾಡಿಸುತ್ತಾರೆ, ಅವನ ಅರ್ಜಿಗೆ ಉತ್ತರ ಬರುತ್ತದೆ, ಅವನಿಗೆ ಮೋಸವಾದರೆ ದೂರು ಕೊಡುವ ದಾರಿ ಅವನಿಗೆ ಗೊತ್ತಿರುತ್ತದೆ. ಲೋಕ ಅವನೊಡನೆ ಚೆನ್ನಾಗಿ ನಡೆದುಕೊಳ್ಳುವುದರಿಂದ ಅವನು ಲೋಕವನ್ನು ನಂಬುತ್ತಾನೆ. ಆ ನಂಬಿಕೆಯನ್ನು ನಾವು ವಿದ್ಯೆಯ ಫಲವೆಂದು ಲೆಕ್ಕಕ್ಕೆ ಬರೆದುಕೊಳ್ಳುತ್ತೇವೆ.

ಆದರೆ ನನಗೆ ಇದಕ್ಕಿಂತಲೂ ಮುಖ್ಯವಾಗಿ ಕಾಣುವ ಮಾತು ಬೇರೆಯಿದೆ. ಅನುಭವ ಎಲ್ಲರಿಗೂ ಎರಡೂ ಪಾಠಗಳನ್ನು ಸಮವಾಗಿ ಕಲಿಸುವುದಿಲ್ಲ. ನಾನು ಒಬ್ಬನನ್ನು ನಂಬಿ ಅವನು ಕೈಕೊಟ್ಟರೆ ನನ್ನ ತಪ್ಪು ನನಗೆ ಗೊತ್ತಾಗುತ್ತದೆ. ನಾನು ಒಬ್ಬನನ್ನು ನಂಬದೆ ದೂರವಿಟ್ಟಾಗ ಅವನು ನಿಜವಾಗಿ ಪ್ರಾಮಾಣಿಕನಾಗಿದ್ದರೆ, ಆ ತಪ್ಪು ನನಗೆ ಎಂದೂ ಗೊತ್ತಾಗುವುದಿಲ್ಲ, ಏಕೆಂದರೆ ಅವನು ಹೇಗೆ ನಡೆದುಕೊಳ್ಳುತ್ತಿದ್ದನೆಂಬುದನ್ನು ನೋಡುವ ಸಂದರ್ಭವನ್ನೇ ನಾನು ಉಳಿಸಿಕೊಂಡಿರುವುದಿಲ್ಲ. ಹೀಗಾಗಿ ನಂಬಿಕೆ ದಿನವೂ ಪರೀಕ್ಷೆಗೆ ಒಳಗಾಗುತ್ತದೆ, ಅಪನಂಬಿಕೆ ಪರೀಕ್ಷೆಯಿಂದ ತಪ್ಪಿಸಿಕೊಂಡು ಬದುಕುತ್ತದೆ. ಅನುಭವಸ್ಥರೆಂದು ನಾವು ಗೌರವಿಸುವ ಎಷ್ಟೋ ಮಂದಿಯ ವಿವೇಕ ಹೀಗೆ ಒಂದೇ ಬದಿಯ ಸಾಕ್ಷ್ಯದ ಮೇಲೆ ನಿಂತಿರಬಹುದಲ್ಲವೇ? ಈ ಕೊರತೆಯನ್ನು ಓದು ತುಂಬಿಕೊಡಬಲ್ಲದೇ ಎಂಬುದರ ಬಗ್ಗೆ ನಿಮ್ಮ ಅಭಿಪ್ರಾಯ ತಿಳಿಸಿ.

ಮೌನರಾಗ:

ಪ್ರಶ್ನೆ ಒಳ್ಳೆಯದು, ಆದರೆ ಬುನಾದಿಯಲ್ಲಿಯೇ ಒಂದು ತೊಡಕಿದೆ. "ಹೆಚ್ಚಿನ ಜನರು" ಎಂದಾಗ ಉತ್ತರಿಸುವವರ ಕಣ್ಣ ಮುಂದೆ ಯಾರು ಬರುತ್ತಾರೆ? ಯಾನ್ ಡೆಲ್ಹಿ, ಕೆನೆತ್ ನ್ಯೂಟನ್ ಮತ್ತು ಕ್ರಿಶ್ಚಿಯನ್ ವೆಲ್ಜೆಲ್ 2011ರಲ್ಲಿ ಇದನ್ನೇ ಕೆದಕಿ ನೋಡಿದರು. ಕೆಲವು ದೇಶಗಳಲ್ಲಿ ಜನ ಈ ಮಾತಿಗೆ ಅಪರಿಚಿತರನ್ನು ಸೇರಿಸಿಕೊಂಡು ಉತ್ತರಿಸುತ್ತಾರೆ. ಇನ್ನು ಕೆಲವು ದೇಶಗಳಲ್ಲಿ ತಮ್ಮವರು, ನೆರೆಯವರು, ಪರಿಚಯದವರು ಇಷ್ಟನ್ನೇ ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸುತ್ತಾರೆ. ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ, ಮೊದಲು ಬಹಳ ನಂಬುವವರಂತೆ ಕಂಡಿದ್ದ ಕೆಲವು ದೇಶಗಳ ಸ್ಥಾನ ಕೆಳಗಿಳಿಯಿತು. ಒಂದೇ ದೇಶದ ಓದಿದವರು ಮತ್ತು ಓದದವರ ನಡುವೆಯೂ ಇಂಥ ವ್ಯತ್ಯಾಸ ಇರಲಾರದೆಂದು ಹೇಳುವುದು ಹೇಗೆ?

ಇನ್ನೊಂದು ಆಕ್ಷೇಪವೂ ಇದೆ. ನಂಬಿ ಕೆಟ್ಟಾಗ ಆಗುವ ನಷ್ಟ ಎಲ್ಲರಿಗೂ ಒಂದೇ ಅಲ್ಲ. ತಿಂಗಳ ಸಂಬಳದಲ್ಲಿ ಒಂದಿಷ್ಟನ್ನು ಕಳೆದುಕೊಂಡವನು ಬೇಸರಪಟ್ಟು ಸುಮ್ಮನಾಗುತ್ತಾನೆ, ಅಷ್ಟೇ ಮೊತ್ತವನ್ನು ಕಳೆದುಕೊಂಡ ಇನ್ನೊಬ್ಬನ ಮಕ್ಕಳ ಶಾಲೆ ನಿಲ್ಲುತ್ತದೆ. ಎರಡನೆಯವನು ಯಾರನ್ನೂ ನಂಬದಿದ್ದರೆ ಅದು ಒಂದೇ ಬದಿಯ ಸಾಕ್ಷ್ಯದ ದೋಷವಲ್ಲ, ಸರಿಯಾದ ಲೆಕ್ಕಾಚಾರ. ಬಡವರ ಎಚ್ಚರವನ್ನು ನಾವು ಮನಸ್ಸಿನ ಕಾಯಿಲೆಯಂತೆ ವರ್ಣಿಸುವ ಮುನ್ನ ಇದನ್ನು ಯೋಚಿಸಬೇಕು.

ಅಂಕಿಗಣಿತ:

ಮೌನರಾಗ ಅವರ ಎರಡನೆಯ ಮಾತನ್ನು ಒಪ್ಪುತ್ತೇನೆ. ಆದರೂ ಅರಿವಿನಹಾದಿ ಅವರು ಹೇಳಿದ ಒಂದೇ ಬದಿಯ ಸಾಕ್ಷ್ಯದ ವಿಚಾರ ಬರಿಯ ಊಹೆಯಲ್ಲ, ಅದನ್ನು ಪ್ರಯೋಗಗಳಲ್ಲಿ ಪರೀಕ್ಷಿಸಲಾಗಿದೆ ಎಂಬುದನ್ನು ಇಲ್ಲಿ ದಾಖಲಿಸುವುದು ಒಳ್ಳೆಯದು.

ಈ ಕ್ಷೇತ್ರದಲ್ಲಿ ಎಲ್ಲರೂ ಉಲ್ಲೇಖಿಸುವ ಪ್ರಯೋಗವೊಂದನ್ನು ಜಾಯ್ಸ್ ಬರ್ಗ್, ಜಾನ್ ಡಿಕ್‌ಹಾಟ್ ಮತ್ತು ಕೆವಿನ್ ಮೆಕೇಬ್ 1995ರಲ್ಲಿ ಪ್ರಕಟಿಸಿದರು. ಒಬ್ಬನಿಗೆ 10 ಡಾಲರ್ ಕೊಡುತ್ತಾರೆ. ಪಕ್ಕದ ಕೋಣೆಯಲ್ಲಿ ಅವನು ಕಂಡಿರದ, ಮುಂದೆಯೂ ಕಾಣದ ಇನ್ನೊಬ್ಬನಿರುತ್ತಾನೆ. ಮೊದಲಿನವನು ತನಗೆ ಬೇಕೆನಿಸಿದಷ್ಟನ್ನು ಅವನಿಗೆ ಕಳುಹಿಸಬಹುದು, ಏನನ್ನೂ ಕಳುಹಿಸದೆಯೂ ಇರಬಹುದು. ಕಳುಹಿಸಿದ ಹಣ ದಾರಿಯಲ್ಲಿ ಮೂರು ಪಟ್ಟಾಗುತ್ತದೆ. ಅದರಲ್ಲಿ ಎಷ್ಟನ್ನು ಹಿಂದಿರುಗಿಸಬೇಕೆಂಬುದು ಎರಡನೆಯವನ ಇಷ್ಟ; ಪೂರ್ತಿ ಇಟ್ಟುಕೊಂಡರೂ ಕೇಳುವವರಿಲ್ಲ. ಸ್ವಾರ್ಥದ ಲೆಕ್ಕದಂತೆ ಯಾರೂ ಒಂದು ಡಾಲರನ್ನೂ ಕಳುಹಿಸಬಾರದಾಗಿತ್ತು. ಆದರೆ 32 ಮಂದಿಯಲ್ಲಿ 30 ಮಂದಿ ಏನನ್ನಾದರೂ ಕಳುಹಿಸಿದರು, ಸರಾಸರಿ ಮೊತ್ತ 5 ಡಾಲರನ್ನು ದಾಟಿತು. ಹಿಂದಿರುಗಿ ಬಂದದ್ದು ಸರಾಸರಿಯಲ್ಲಿ ಕಳುಹಿಸಿದ್ದಕ್ಕಿಂತ ಸ್ವಲ್ಪ ಕಡಿಮೆ ಎಂಬುದನ್ನೂ ಹೇಳಬೇಕು. ನಂಬಿದವರೆಲ್ಲ ಲಾಭ ಪಡೆದರೆಂಬ ಕಥೆ ಇದಲ್ಲ.

ಇದೇ ಬಗೆಯ ಆಟವನ್ನು ಬಳಸಿಕೊಂಡು ಡೆಟ್ಲೆಫ್ ಫೆಚೆನ್‌ಹಾವರ್ ಮತ್ತು ಡೇವಿಡ್ ಡನಿಂಗ್ 2010ರಲ್ಲಿ ಒಂದು ಫಲಿತಾಂಶವನ್ನು ವರದಿ ಮಾಡಿದರು. ಇತರರು ಎಷ್ಟರ ಮಟ್ಟಿಗೆ ನಂಬಿಕೆಗೆ ಅರ್ಹರೆಂದು ಊಹಿಸಲು ಹೇಳಿದಾಗ ಜನರ ಊಹೆ ವಾಸ್ತವಕ್ಕಿಂತ ಬಹಳ ಕೆಳಗಿತ್ತು. ತಾವು ನಂಬಿದವರು ಹೇಗೆ ನಡೆದುಕೊಂಡರೆಂಬುದನ್ನು ಮಾತ್ರ ತಿಳಿಸಿದರೆ ಆ ಊಹೆ ತಿದ್ದಿಕೊಳ್ಳಲಿಲ್ಲ; ನಂಬದೆ ಬಿಟ್ಟವರು ಹೇಗೆ ನಡೆದುಕೊಳ್ಳುತ್ತಿದ್ದರೆಂಬುದನ್ನೂ ತೋರಿಸಿದಾಗ ತಿದ್ದಿಕೊಂಡಿತು. ಪ್ರಯೋಗಶಾಲೆಯಲ್ಲಿ ಆ ಎರಡನೆಯ ಮಾಹಿತಿಯನ್ನು ಒದಗಿಸುವವರಿರುತ್ತಾರೆ. ಬದುಕಿನಲ್ಲಿ ಯಾರೂ ಬಂದು, ನೀವು ಕಳೆದ ವರ್ಷ ಬಾಗಿಲು ಮುಚ್ಚಿದ ಮನುಷ್ಯ ಪ್ರಾಮಾಣಿಕನಾಗಿದ್ದ ಎಂದು ವರದಿ ಒಪ್ಪಿಸುವುದಿಲ್ಲ.

ಹೆಚ್ಚು ನಂಬುವವರು ಪೆದ್ದರೇ ಎಂಬ ಪ್ರಶ್ನೆಗೂ ಹಳೆಯ ಉತ್ತರವಿದೆ. 1967ರಲ್ಲಿ ನಂಬಿಕೆಯ ಅಳತೆಗೋಲೊಂದನ್ನು ರೂಪಿಸಿದ ಜೂಲಿಯನ್ ರಾಟರ್, 1980ರ ಲೇಖನದಲ್ಲಿ, ಇತರರನ್ನು ಹೆಚ್ಚು ನಂಬುವವರು ಮೋಸಹೋಗುವುದರಲ್ಲಿ ಮುಂದಿಲ್ಲವೆಂಬ ತೀರ್ಮಾನಕ್ಕೆ ಬಂದರು. ಜಪಾನಿನ ತೋಶಿಯೊ ಯಾಮಾಗಿಶಿ ಇನ್ನೂ ಮುಂದೆ ಹೋದರು. ಅವರ ಪ್ರಯೋಗಗಳಲ್ಲಿ, ಎದುರಿಗಿರುವವನ ಬಗ್ಗೆ ಅನುಮಾನ ಹುಟ್ಟಿಸುವ ಮಾಹಿತಿ ದೊರೆತಾಗ, ಹೆಚ್ಚು ನಂಬುವ ಸ್ವಭಾವದವರೇ ತಮ್ಮ ಎಣಿಕೆಯನ್ನು ಬೇಗ ಬದಲಿಸಿಕೊಂಡರು. ಜನರೊಡನೆ ಬೆರೆತು ಬೆರೆತು ಅವರಿಗೆ ಜನರನ್ನು ಓದುವ ಅಭ್ಯಾಸವಾಗಿರುತ್ತದೆ. ಯಾರನ್ನೂ ನಂಬದವನಿಗೆ ಆ ಅಭ್ಯಾಸಕ್ಕೆ ಆಸ್ಪದವೇ ಸಿಗುವುದಿಲ್ಲವೆಂಬುದು ಅವರ ವಿವರಣೆ. ನನಗೆ ಈ ವಿವರಣೆ ಬಹಳ ಮಟ್ಟಿಗೆ ಒಪ್ಪಿಗೆಯಾಗುತ್ತದೆ, ಆದರೆ ಪ್ರಯೋಗಶಾಲೆಯ ಸಣ್ಣ ಮೊತ್ತಗಳಿಂದ ಜೀವನದ ದೊಡ್ಡ ನಷ್ಟಗಳಿಗೆ ನೇರವಾಗಿ ಜಿಗಿಯುವುದರಲ್ಲಿ ಮೌನರಾಗ ಅವರಿಗಿರುವ ಸಂಕೋಚ ನನಗೂ ಇದೆ.

ಶುಶ್ರೂಷಕಿ:

ನಾನು ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಮಾಡುವವಳು. ನಂಬಿಕೆಯನ್ನು ಹಣದ ಆಟದಲ್ಲಿ ಅಳೆಯುವುದರ ಬಗ್ಗೆ ನನ್ನ ತಕರಾರಿಲ್ಲ, ಆದರೆ ಅಲ್ಲಿ ಕಾಣದ ಒಂದು ಅಂಶವನ್ನು ನಾನು ದಿನವೂ ನೋಡುತ್ತೇನೆ.

ವೈದ್ಯರು ಬಂದು, ಪರೀಕ್ಷಿಸಿ, ಚಿಕಿತ್ಸೆಯನ್ನು ವಿವರಿಸಿ ಹೋಗುತ್ತಾರೆ. ರೋಗಿಯೂ ಮನೆಯವರೂ ತಲೆಯಾಡಿಸುತ್ತಾರೆ. ವೈದ್ಯರು ಬಾಗಿಲು ದಾಟಿದ ಮೇಲೆ, ಡ್ರಿಪ್ ಬಾಟಲಿ ಬದಲಿಸುತ್ತಿರುವ ನನ್ನ ಕಡೆಗೆ ತಿರುಗಿ, ತಗ್ಗಿದ ದನಿಯಲ್ಲಿ, "ಸಿಸ್ಟರ್, ನಿಜವಾಗಿಯೂ ಈ ಆಪರೇಷನ್ ಬೇಕಾ?" ಎಂದು ಕೇಳುತ್ತಾರೆ. ಅವರಿಗೆ ಬೇಕಾದದ್ದು ಹೆಚ್ಚಿನ ತಿಳಿವಳಿಕೆಯಲ್ಲ, ಏಕೆಂದರೆ ವೈದ್ಯರಿಗಿಂತ ನನಗೆ ಹೆಚ್ಚು ತಿಳಿದಿಲ್ಲವೆಂಬುದು ಅವರಿಗೂ ಗೊತ್ತು. ಆ ಆಪರೇಷನ್ನಿನಿಂದ ಲಾಭವಿಲ್ಲದ ಯಾರಾದರೊಬ್ಬರ ಬಾಯಿಂದ ಉತ್ತರ ಬೇಕಾಗಿರುತ್ತದೆ. ಈ ಪ್ರಶ್ನೆಯನ್ನು ಓದಿದವರೂ ಕೇಳುತ್ತಾರೆ, ಓದದವರೂ ಕೇಳುತ್ತಾರೆ. ವ್ಯತ್ಯಾಸವೆಂದರೆ ಓದಿದವರು ಮೊದಲು ಫೋನಿನಲ್ಲಿ ಹುಡುಕಿ, ಆಮೇಲೆ ಪರಿಚಯದ ಬೇರೆ ವೈದ್ಯರಿಗೆ ಕರೆ ಮಾಡಿ, ಕೊನೆಗೆ ನನ್ನನ್ನು ಕೇಳುತ್ತಾರೆ. ಓದದವರು ನೇರವಾಗಿ ನನ್ನನ್ನೇ ಕೇಳುತ್ತಾರೆ. ಪರಿಚಯದ ವೈದ್ಯರೊಬ್ಬರಿರುವುದು ಎಷ್ಟು ದೊಡ್ಡ ಸೌಲಭ್ಯವೆಂಬುದು ಅಂಥವರಿಲ್ಲದವರ ಮುಖ ನೋಡಿದಾಗ ಅರ್ಥವಾಗುತ್ತದೆ.

ಇನ್ನು, ಅನುಭವವೆಂದರೆ ಸ್ವಂತ ಅನುಭವ ಮಾತ್ರವೆಂದು ಈವರೆಗಿನ ಚರ್ಚೆ ಊಹಿಸಿಕೊಂಡಂತಿದೆ. ಅಮೆರಿಕದ ಟಸ್ಕೀಗಿಯಲ್ಲಿ ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆ 1932ರಿಂದ 1972ರವರೆಗೆ ಸುಮಾರು 600 ಕಪ್ಪು ಗಂಡಸರ ಮೇಲೆ ಅಧ್ಯಯನ ನಡೆಸಿತು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ಇತ್ತು. ಆ ರೋಗವಿದೆಯೆಂದು ಅವರಿಗೆ ಸರಿಯಾಗಿ ತಿಳಿಸಲಿಲ್ಲ. 1940ರ ದಶಕದ ಕೊನೆಯ ಹೊತ್ತಿಗೆ ಪೆನಿಸಿಲಿನ್ ಅದರ ಒಪ್ಪಿತ ಚಿಕಿತ್ಸೆಯಾದ ಮೇಲೂ ಅದನ್ನು ಕೊಡಲಿಲ್ಲ. 1972ರಲ್ಲಿ ಸುದ್ದಿ ಹೊರಬಿತ್ತು. ಇದರ ಪರಿಣಾಮವನ್ನು ಮಾರ್ಸೆಲ್ಲಾ ಆಲ್ಸನ್ ಮತ್ತು ಮರಿಯಾನ್ ವಾನಮೇಕರ್ 2018ರಲ್ಲಿ ಲೆಕ್ಕಹಾಕಿದರು. ಆ ಅಧ್ಯಯನದಲ್ಲಿ ಯಾವ ಪಾತ್ರವೂ ಇಲ್ಲದಿದ್ದ ಕಪ್ಪು ಗಂಡಸರು ಕೂಡ ಸುದ್ದಿ ತಿಳಿದ ಮೇಲೆ ವೈದ್ಯರ ಬಳಿಗೆ ಹೋಗುವುದನ್ನು ಕಡಿಮೆ ಮಾಡಿದರು, ಟಸ್ಕೀಗಿಗೆ ಹತ್ತಿರವಿದ್ದವರಲ್ಲಿ ಇದು ಹೆಚ್ಚಾಗಿತ್ತು, ಮತ್ತು 45ನೆಯ ವಯಸ್ಸಿನ ನಂತರದ ಅವರ ನಿರೀಕ್ಷಿತ ಆಯುಷ್ಯ ಒಂದೂವರೆ ವರ್ಷದವರೆಗೂ ಕುಗ್ಗಿತೆಂದು ಅವರ ಅಂದಾಜು ಹೇಳುತ್ತದೆ. ಸ್ವತಃ ಏನನ್ನೂ ಅನುಭವಿಸದವರ ಅಪನಂಬಿಕೆ ಇದು. ಹಾಗೆಂದು ಅದು ಆಧಾರವಿಲ್ಲದ್ದೆಂದು ಹೇಳಲು ನನಗೆ ಬಾಯಿ ಬಾರದು. ತನ್ನಂಥವರಿಗೆ ಆದದ್ದು ತನಗೂ ಆಗಬಹುದೆಂದು ಎಣಿಸುವುದು ತಪ್ಪೆಂದು ಯಾರು ಹೇಳಬಲ್ಲರು? ಆದರೆ ಆ ಎಣಿಕೆಯ ಬೆಲೆಯನ್ನು ತೆತ್ತವರು ಮೋಸ ಮಾಡಿದವರಲ್ಲ.

ಕಪ್ಪುಹಲಗೆ:

ಶಿಕ್ಷಕನಾಗಿ ಎರಡು ಮಾತುಗಳನ್ನು ಸೇರಿಸುತ್ತೇನೆ, ಎರಡೂ ನನ್ನ ವೃತ್ತಿಗೆ ಅಷ್ಟೇನೂ ಹಿತವಾದವಲ್ಲ.

ಓದು ಹೆಚ್ಚಾದಂತೆ ಯಾರನ್ನು ನಂಬಬೇಕೆಂಬ ವಿವೇಕ ತಾನಾಗಿಯೇ ಬರುತ್ತದೆಂದು ನಾವು ಶಿಕ್ಷಕರು ನಂಬಿಕೊಂಡಿದ್ದೇವೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಮೂರು ಗುಂಪಿನವರ ಮುಂದೆ ಕೆಲವು ಜಾಲತಾಣಗಳನ್ನಿಟ್ಟು ಅವುಗಳ ವಿಶ್ವಾಸಾರ್ಹತೆಯನ್ನು ಅಳೆಯಲು ಹೇಳಿದರು: ಡಾಕ್ಟರೇಟ್ ಪಡೆದ 10 ಇತಿಹಾಸಕಾರರು, ಸುದ್ದಿಯ ಸತ್ಯಾಸತ್ಯತೆಯನ್ನು ಪರಿಶೀಲಿಸುವ ವೃತ್ತಿಯ 10 ಮಂದಿ, ಮತ್ತು ಆ ವಿಶ್ವವಿದ್ಯಾಲಯದ 25 ವಿದ್ಯಾರ್ಥಿಗಳು. ಇತಿಹಾಸಕಾರರೂ ವಿದ್ಯಾರ್ಥಿಗಳೂ ಪುಟದೊಳಗೇ ಉಳಿದು, ಅದರ ವಿನ್ಯಾಸ, ಲಾಂಛನ, ಪಾಂಡಿತ್ಯದ ಧಾಟಿ ಇವುಗಳನ್ನು ಶ್ರದ್ಧೆಯಿಂದ ಓದಿದರು ಮತ್ತು ಹಲವರು ಮೋಸಹೋದರು. ಪರಿಶೀಲಕರು ಆ ಪುಟವನ್ನು ಕೆಲವೇ ಕ್ಷಣಗಳಲ್ಲಿ ಬಿಟ್ಟು, ಈ ಸಂಸ್ಥೆಯ ಬಗ್ಗೆ ಬೇರೆಯವರು ಏನನ್ನುತ್ತಾರೆಂದು ನೋಡಲು ಹೊರಗೆ ಹೋದರು. ಕಡಿಮೆ ಹೊತ್ತಿನಲ್ಲಿ ಸರಿಯಾದ ಉತ್ತರಕ್ಕೆ ತಲುಪಿದರು. ಗಮನವಿಟ್ಟು ಓದುವುದೆಂಬ, ನಾವು ವರ್ಷಗಟ್ಟಲೆ ಕಲಿಸುವ ಗುಣವೇ ಇಲ್ಲಿ ಅಡ್ಡಿಯಾಯಿತು. ಮೋಸ ಮಾಡುವವನು ಬಯಸುವುದು ಇದನ್ನೇ: ನಾವು ಅವನ ಮಾತನ್ನು ಅವನ ಅಂಗಳದಲ್ಲಿಯೇ ಕುಳಿತು ವಿಮರ್ಶಿಸಬೇಕು.

ಎರಡನೆಯದು ಇನ್ನೂ ಕಹಿ. ಡಾನ್ ಕಹಾನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಂತೆ, ವಿಜ್ಞಾನದ ತಿಳಿವಳಿಕೆ ಮತ್ತು ಅಂಕಿಅಂಶಗಳ ಜಾಣ್ಮೆ ಹೆಚ್ಚಾದಷ್ಟೂ ಹವಾಮಾನ ಬದಲಾವಣೆಯ ವಿಷಯದಲ್ಲಿ ಜನ ಒಮ್ಮತಕ್ಕೆ ಬರಲಿಲ್ಲ. ಬದಲಿಗೆ ತಮ್ಮ ತಮ್ಮ ಬಳಗದ ನಿಲುವಿಗೆ ಇನ್ನಷ್ಟು ಗಟ್ಟಿಯಾಗಿ ಅಂಟಿಕೊಂಡರು. ಜಾಣನಾದವನು ತನಗೆ ಬೇಡದ ತಜ್ಞನನ್ನು ತಳ್ಳಿಹಾಕಲು ಹೆಚ್ಚು ಒಳ್ಳೆಯ ಕಾರಣಗಳನ್ನು ಹುಡುಕಬಲ್ಲ. ಇದಕ್ಕೆ ಇತಿಹಾಸದಲ್ಲಿಯೂ ಸಾಕ್ಷಿಯಿದೆ. ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್ವೈಸ್ 1847ರಲ್ಲಿ ವೈದ್ಯರಿಂದ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಸಿ ಬಾಣಂತಿಯರ ಸಾವನ್ನು ಗಣನೀಯವಾಗಿ ಇಳಿಸಿದಾಗ, ಅದನ್ನು ಒಪ್ಪದೆ ಬಹುಕಾಲ ವಿರೋಧಿಸಿದವರಲ್ಲಿ ಆ ಕಾಲದ ಅತ್ಯಂತ ಓದಿದ ವೈದ್ಯರೇ ಇದ್ದರು. ಅತ್ತ ಸಾಮಾನ್ಯ ಹೆಂಗಸರಿಗೆ ವೈದ್ಯ ವಿದ್ಯಾರ್ಥಿಗಳ ವಿಭಾಗಕ್ಕಿಂತ ಸೂಲಗಿತ್ತಿಯರ ವಿಭಾಗವೇ ಸುರಕ್ಷಿತವೆಂಬುದು ಮೊದಲೇ ಗೊತ್ತಿತ್ತು. ಅಲ್ಲಿಗೇ ಸೇರಿಸಿಕೊಳ್ಳಿರೆಂದು ಅವರು ಅಂಗಲಾಚುತ್ತಿದ್ದರು. ಅವರಿಗೆ ಕಾರಣ ಗೊತ್ತಿರಲಿಲ್ಲ, ಯಾರು ಬದುಕಿ ಮನೆಗೆ ಹೋದರೆಂಬುದು ಗೊತ್ತಿತ್ತು.

ಮೌನರಾಗ:

ಕಪ್ಪುಹಲಗೆ ಅವರ ಉದಾಹರಣೆಗಳ ಪಕ್ಕದಲ್ಲಿ, ಅಮೆರಿಕದಲ್ಲಿ ಹೂಡಿಕೆಯ ಹೆಸರಿನಲ್ಲಿ ಭಾರಿ ವಂಚನೆ ನಡೆಸಿದ ಬರ್ನಾರ್ಡ್ ಮೇಡಾಫ್‌ನನ್ನೂ ನಿಲ್ಲಿಸಬಹುದು. 2008ರ ಡಿಸೆಂಬರಿನಲ್ಲಿ ಅವನ ಬಂಧನವಾದಾಗ ಹಣ ಕಳೆದುಕೊಂಡವರ ಸಾಲಿನಲ್ಲಿ ಬ್ಯಾಂಕುಗಳು, ದತ್ತಿ ಸಂಸ್ಥೆಗಳು, ಹೂಡಿಕೆಯನ್ನೇ ವೃತ್ತಿಯಾಗಿಸಿಕೊಂಡವರು ಇದ್ದರು. ಅವರಲ್ಲಿ ಅನೇಕರು ಅವನ ಲೆಕ್ಕಪತ್ರವನ್ನು ನಂಬಿದ್ದಲ್ಲ. ತಮ್ಮಂಥ ಇನ್ನೊಬ್ಬರು ಅವನನ್ನು ನಂಬಿದ್ದಾರೆಂಬುದನ್ನು ನಂಬಿದ್ದರು. ಹ್ಯಾರಿ ಮಾರ್ಕೊಪೊಲೊಸ್ ಎಂಬ ವಿಶ್ಲೇಷಕ ಅವನು ತೋರಿಸುತ್ತಿದ್ದ ಲಾಭದ ಅಂಕಿಗಳನ್ನು ನೋಡಿ, ಇಷ್ಟು ಏರಿಳಿತವಿಲ್ಲದ ಗಳಿಕೆ ಸಾಧ್ಯವೇ ಇಲ್ಲವೆಂದು 2000ದಿಂದ ನಿಯಂತ್ರಕರಿಗೆ ಮತ್ತೆ ಮತ್ತೆ ಬರೆಯುತ್ತಿದ್ದರೂ ಯಾರೂ ಕಿವಿಗೊಡಲಿಲ್ಲ. ಒಳಗಿನ ಬಳಗಕ್ಕೆ ಸೇರಿದವನೆಂಬುದೇ ಮೇಡಾಫ್‌ಗಿದ್ದ ದೊಡ್ಡ ಪ್ರಮಾಣಪತ್ರ. ಹಳ್ಳಿಯವನು ಜಾತಿ ನೋಡಿ ನಂಬಿದರೆ ಅದನ್ನು ಹಿಂದುಳಿದಿರುವಿಕೆ ಎನ್ನುತ್ತೇವೆ, ಓದಿದವನು ಕ್ಲಬ್ಬಿನ ಸದಸ್ಯತ್ವ ನೋಡಿ ನಂಬಿದರೆ ಅದನ್ನು ಸಂಪರ್ಕ ಎನ್ನುತ್ತೇವೆ.

ಇನ್ನೊಂದು ಅಧ್ಯಯನವನ್ನೂ ಗಮನಕ್ಕೆ ತರುತ್ತೇನೆ. ಅರ್ಮೆನ್ ಹಖ್‌ವರ್ದಿಯನ್ ಮತ್ತು ಕ್ವಿಂಟನ್ ಮೇನ್ 2012ರಲ್ಲಿ ಯುರೋಪಿನ ಹಲವು ದೇಶಗಳನ್ನು ಹೋಲಿಸಿ ನೋಡಿದರು. ಭ್ರಷ್ಟಾಚಾರ ಕಡಿಮೆಯಿರುವ ದೇಶಗಳಲ್ಲಿ ಹೆಚ್ಚು ಓದಿದವರು ಸಂಸತ್ತು, ನ್ಯಾಯಾಲಯದಂಥ ಸಂಸ್ಥೆಗಳನ್ನು ಹೆಚ್ಚು ನಂಬುತ್ತಿದ್ದರು. ಭ್ರಷ್ಟಾಚಾರ ಹೆಚ್ಚಿರುವಲ್ಲಿ ಓದಿದವರೇ ಕಡಿಮೆ ನಂಬುತ್ತಿದ್ದರು. ಅಂದರೆ ಓದು ನಂಬಿಕೆಯನ್ನು ಹೆಚ್ಚಿಸುವುದೂ ಇಲ್ಲ, ಕುಗ್ಗಿಸುವುದೂ ಇಲ್ಲ. ಎದುರಿಗಿರುವ ಸಂಸ್ಥೆಯ ಯೋಗ್ಯತೆಯನ್ನು ಸ್ವಲ್ಪ ಹೆಚ್ಚು ನಿಖರವಾಗಿ ಗುರುತಿಸಲು ನೆರವಾಗುತ್ತದೆ. ಇದು ಓದಿನ ಪರವಾಗಿ ನಾನು ಹೇಳಬಲ್ಲ ಅತ್ಯಂತ ಒಳ್ಳೆಯ ಮಾತು.

ತರ್ಕಶಾಲೆ:

ನಂಬಿಕೆಯ ಪ್ರಶ್ನೆಯನ್ನು ಹೊಸದಾಗಿ ಕೇಳುತ್ತಿದ್ದೇವೆಂದು ಭಾವಿಸಬೇಕಾಗಿಲ್ಲ. ಚಾರ್ವಾಕರು ಪ್ರತ್ಯಕ್ಷವೊಂದೇ ಪ್ರಮಾಣ, ಅಂದರೆ ಅರಿವಿಗೆ ಆಧಾರ, ಎಂದರು. ಗೌತಮನ ನ್ಯಾಯಸೂತ್ರ ಪ್ರತ್ಯಕ್ಷ, ಅನುಮಾನ (ತರ್ಕದಿಂದ ಊಹಿಸಿ ತಿಳಿಯುವುದು), ಉಪಮಾನ (ಹೋಲಿಕೆಯಿಂದ ತಿಳಿಯುವುದು) ಇವುಗಳ ಜೊತೆಗೆ ಶಬ್ದವನ್ನೂ ಪ್ರಮಾಣವೆಂದು ಒಪ್ಪಿ, ಶಬ್ದವೆಂದರೆ ಆಪ್ತನ ಉಪದೇಶ ಎಂದಿತು. ಆಪ್ತನೆಂದರೆ ಯಾರೆಂಬುದಕ್ಕೆ ಭಾಷ್ಯಕಾರ ವಾತ್ಸ್ಯಾಯನ ಕೊಡುವ ವಿವರಣೆ ಈ ಚರ್ಚೆಗೆ ನೇರವಾಗಿ ಒದಗುತ್ತದೆ. ವಸ್ತುವನ್ನು ಸಾಕ್ಷಾತ್ತಾಗಿ ತಿಳಿದಿರಬೇಕು, ತಿಳಿದದ್ದನ್ನು ತಿಳಿದಂತೆಯೇ ಹೇಳುವ ಇಚ್ಛೆಯಿರಬೇಕು. ಇಷ್ಟಿದ್ದರೆ ಋಷಿಯಾಗಲಿ, ಆರ್ಯನಾಗಲಿ, ಮ್ಲೇಚ್ಛನಾಗಲಿ ಎಲ್ಲರಿಗೂ ಇದೇ ಲಕ್ಷಣ ಅನ್ವಯಿಸುತ್ತದೆ. ಬಳಗವನ್ನು ನೋಡಿ ನಂಬುವುದನ್ನು ಅವನು ಲಕ್ಷಣದೊಳಗೆ ಸೇರಿಸಲಿಲ್ಲವೆಂಬುದನ್ನು ಗಮನಿಸಿ. ಶುಶ್ರೂಷಕಿ ಅವರ ರೋಗಿಗಳು ಕೇಳುವುದು ಈ ಎರಡನೆಯ ಅಂಶವನ್ನೇ: ವೈದ್ಯರಿಗೆ ತಿಳಿದಿದೆಯೇ ಎಂಬುದರಲ್ಲಿ ಅವರಿಗೆ ಅನುಮಾನವಿಲ್ಲ, ತಿಳಿದದ್ದನ್ನು ತಿಳಿದಂತೆಯೇ ಹೇಳುತ್ತಿದ್ದಾರೆಯೇ ಎಂಬುದರಲ್ಲಿದೆ.

ಓದು ಬಾರದವರ ವಿವೇಕದ ಬಗ್ಗೆ ನಾನು ಕಣ್ಣಾರೆ ಕಂಡದ್ದೊಂದನ್ನು ಹೇಳುತ್ತೇನೆ. ಅಕ್ಷರ ಬಾರದ ಹಿರಿಯರೊಬ್ಬರು ಒಂದು ಕರಾರುಪತ್ರವನ್ನು ನಾಲ್ಕಾಗಿ ಮಡಿಸಿ ತಂದು, ಓದಿ ಹೇಳಬೇಕೆಂದು ನನ್ನನ್ನು ಕೇಳಿದರು. ನಾನು ಓದುತ್ತಿರುವಾಗ ಅವರು ಕಾಗದವನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನು ನೋಡುತ್ತಿದ್ದರು. ಮೊತ್ತ ಬರೆದಿದ್ದ ಸಾಲಿಗೆ ಬಂದಾಗ ಹೆಬ್ಬೆರಳನ್ನು ಅದರ ಕೆಳಗಿಟ್ಟು, ಇದನ್ನು ಇನ್ನೊಮ್ಮೆ ಓದಿ ಎಂದರು. ಮುಗಿದ ಮೇಲೆ ಬಡ್ಡಿಯೆಷ್ಟು, ಗಡುವು ಯಾವಾಗ ಎಂದು ನನ್ನ ಬಾಯಿಂದಲೇ ಮತ್ತೆ ಹೇಳಿಸಿದರು. ಆಮೇಲೆ ತಿಳಿದುಬಂದಂತೆ, ನನಗಿಂತ ಮೊದಲು ಇನ್ನೊಬ್ಬರಿಂದಲೂ ಅದನ್ನು ಓದಿಸಿದ್ದರು. ನಮ್ಮಿಬ್ಬರಿಗೂ ಪರಸ್ಪರ ಪರಿಚಯವಿಲ್ಲವೆಂಬುದನ್ನು ಮೊದಲೇ ವಿಚಾರಿಸಿಕೊಂಡಿದ್ದರು. ಪರಿಶೀಲಕರು ಪುಟವನ್ನು ಬಿಟ್ಟು ಹೊರಗೆ ಹೋಗಿ ನೋಡಿದರೆಂದು ಕಪ್ಪುಹಲಗೆ ಅವರು ಬರೆದರಲ್ಲ, ಇವರು ಮಾಡಿದ್ದೂ ಅದೇ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಎರಡು ಸಾಕ್ಷ್ಯಗಳನ್ನು ಹೋಲಿಸುವ ಈ ಕ್ರಮವನ್ನು ಯಾವ ಶಾಲೆಯೂ ಅವರಿಗೆ ಕಲಿಸಿರಲಿಲ್ಲ. ಇಂಥವರನ್ನು ಸುಲಭವಾಗಿ ನಂಬುವವರೆಂದು ಕರೆಯುವುದು ಹೇಗೆ?

ಅಂಕಿಗಣಿತ:

ಆ ಹಿರಿಯರ ಕ್ರಮ ಮೆಚ್ಚತಕ್ಕದ್ದೇ. ಆದರೆ ಅದಕ್ಕೊಂದು ಮಿತಿಯಿದೆ: ಕಾಗದದಲ್ಲಿ ಏನು ಬರೆದಿದೆಯೆಂಬುದನ್ನು ಇಬ್ಬರನ್ನು ಕೇಳಿ ಸರಿನೋಡಬಹುದು, ಲಸಿಕೆ ಸುರಕ್ಷಿತವೇ ಎಂಬುದನ್ನು ಹಾಗೆ ನೋಡಲಾಗದು. ಡೇನಿಯಲ್ ಕಾನೆಮನ್ ಮತ್ತು ಗ್ಯಾರಿ ಕ್ಲೈನ್ 2009ರಲ್ಲಿ ಒಟ್ಟಿಗೆ ಬರೆದ ಲೇಖನದಲ್ಲಿ, ಅನುಭವದಿಂದ ಬಂದ ಒಳಗಣ್ಣನ್ನು ಯಾವಾಗ ನಂಬಬಹುದೆಂಬುದಕ್ಕೆ ಎರಡು ಷರತ್ತುಗಳನ್ನಿಟ್ಟರು. ಆ ಕ್ಷೇತ್ರದಲ್ಲಿ ಕಲಿಯಲು ಯೋಗ್ಯವಾದ ಕ್ರಮಬದ್ಧತೆ ಇರಬೇಕು, ಮತ್ತು ತನ್ನ ತೀರ್ಮಾನ ಸರಿಯೋ ತಪ್ಪೋ ಎಂಬುದು ಬೇಗ ತಿಳಿಯುವಂತಿರಬೇಕು. ಬೆಂಕಿ ನಂದಿಸುವವರಿಗೆ, ಚದುರಂಗದ ಆಟಗಾರರಿಗೆ ಇವು ಸಿಗುತ್ತವೆ. ಷೇರುಗಳ ಬೆಲೆ ಊಹಿಸುವವರಿಗೆ ಸಿಗುವುದಿಲ್ಲ. ವಿಯೆನ್ನಾದ ಹೆಂಗಸರಿಗೆ ಫಲಿತಾಂಶ ಕೆಲವೇ ದಿನಗಳಲ್ಲಿ ಕಣ್ಣಿಗೆ ಬೀಳುತ್ತಿತ್ತು. ಲಕ್ಷಾಂತರ ಮಂದಿಯಲ್ಲಿ ಒಬ್ಬರಿಗೆ ಆಗಬಹುದಾದ ಅಡ್ಡಪರಿಣಾಮವಾಗಲಿ, ಬಾರದೆ ಹೋದ ರೋಗವಾಗಲಿ ಯಾರ ಅನುಭವಕ್ಕೂ ಸಿಗುವುದಿಲ್ಲ. ಇಂಥ ಕಡೆ ಎಲ್ಲರೂ, ಓದಿದವರೂ ಸೇರಿದಂತೆ, ಬೇರೆಯವರ ಲೆಕ್ಕವನ್ನೇ ನಂಬಬೇಕಾಗುತ್ತದೆ.

ಶುಶ್ರೂಷಕಿ:

ಅದು ನಿಜ, ಆದರೆ ಆ ಲೆಕ್ಕ ಜನರಿಗೆ ತಲುಪುವುದು ಒಬ್ಬ ಮನುಷ್ಯನ ಮೂಲಕವೇ. ಆ ಮನುಷ್ಯ ಹಿಂದಿನ ಸಲ ಗದರಿಸಿ ಕಳುಹಿಸಿದ್ದರೆ ಲೆಕ್ಕ ಎಷ್ಟು ಸರಿಯಿದ್ದರೂ ಕಿವಿಗೆ ಬೀಳುವುದಿಲ್ಲ.

ಅರಿವಿನಹಾದಿ:

ಎಲ್ಲರ ಉತ್ತರಗಳನ್ನೂ ಓದಿದೆ. ಓದಿದವರ ನಂಬಿಕೆ ಹೆಚ್ಚೋ ಕಡಿಮೆಯೋ ಎಂಬ ನನ್ನ ಮೊದಲ ಪ್ರಶ್ನೆಗಿಂತ, ನಂಬುವ ಮುನ್ನ ಸರಿನೋಡಿಕೊಳ್ಳುವ ದಾರಿಗಳು ಯಾರಿಗೆ ಎಷ್ಟು ಸಿಗುತ್ತವೆಂಬುದು ದೊಡ್ಡ ಪ್ರಶ್ನೆಯಾಗಿ ಈಗ ಕಾಣುತ್ತಿದೆ. ಪರಿಚಯದ ವೈದ್ಯರಿಗೆ ಕರೆ ಮಾಡಬಲ್ಲವನು ಮತ್ತು ಕರಾರುಪತ್ರ ಹಿಡಿದು ಒಬ್ಬರಿಗೊಬ್ಬರು ಪರಿಚಯವಿಲ್ಲದ ಇಬ್ಬರನ್ನು ಹುಡುಕಿಕೊಂಡು ಹೋಗಬೇಕಾದವನು ಒಂದೇ ಕೆಲಸವನ್ನು ಮಾಡುತ್ತಿದ್ದಾರೆ. ಮೊದಲಿನವನಿಗೆ ಅದು ಐದು ನಿಮಿಷದ ಕೆಲಸ, ಎರಡನೆಯವನಿಗೆ ದಿನದ ದುಡಿಮೆ ಬಿಟ್ಟು ಮಾಡಬೇಕಾದ ಕೆಲಸ.

ಮೌನರಾಗ ಅವರ ಎರಡನೆಯ ಆಕ್ಷೇಪಕ್ಕೆ ಮಾತ್ರ ಒಂದು ಪ್ರತಿಮಾತು ಹೇಳಬೇಕಾಗಿದೆ. ನಷ್ಟವನ್ನು ತಾಳಲಾರದವನು ನಂಬದಿರುವುದು ಸರಿಯಾದ ಲೆಕ್ಕಾಚಾರವೆಂದಿರಿ. ಒಂದೊಂದು ಸಂದರ್ಭವನ್ನು ಬಿಡಿಬಿಡಿಯಾಗಿ ನೋಡಿದರೆ ಹೌದು. ಆದರೆ ಹಾಗೆ ಪ್ರತಿ ಸಲವೂ ಹಿಂದೆ ಸರಿದವನಿಗೆ, ಯಾಮಾಗಿಶಿ ಹೇಳಿದಂತೆ, ಜನರನ್ನು ಓದುವ ಅಭ್ಯಾಸವೇ ಆಗುವುದಿಲ್ಲ. ಅಭ್ಯಾಸವಿಲ್ಲದ್ದರಿಂದ ಮುಂದಿನ ಸಲ ನಂಬುವುದು ಇನ್ನಷ್ಟು ಅಪಾಯಕರವಾಗುತ್ತದೆ. ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ ಎನ್ನುತ್ತಾರೆ. ಊದುವವನಾದರೂ ಕೊನೆಗೆ ಕುಡಿಯುತ್ತಾನೆ, ಮಜ್ಜಿಗೆ ತಣ್ಣಗಿತ್ತೆಂಬುದು ಅವನಿಗೆ ಗೊತ್ತಾಗುತ್ತದೆ. ನಾನು ಚಿಂತಿಸುತ್ತಿರುವುದು ಲೋಟವನ್ನೇ ಮುಟ್ಟದವನ ಬಗ್ಗೆ.

ಆದ್ದರಿಂದ ನನ್ನ ಸಲಹೆ ಇಷ್ಟು: ಸೋತರೂ ತಾಳಬಹುದಾದಷ್ಟು ಸಣ್ಣ ವಿಷಯಗಳಲ್ಲಿ ನಂಬಿ ನೋಡುವ ಅವಕಾಶಗಳು ಎಲ್ಲರಿಗೂ ಬೇಕು. ಶಾಲೆ ಅಂಥ ಒಂದು ಜಾಗವಾಗಬಹುದು, ಏಕೆಂದರೆ ಅಲ್ಲಿ ತನ್ನ ಮನೆಯವರಲ್ಲದ, ತನ್ನ ಬಳಗದವರಲ್ಲದ ಮಕ್ಕಳೊಡನೆ ಪುಸ್ತಕ ಎರವಲು ಕೊಡುವ, ಗುಂಪು ಕೆಲಸ ಹಂಚಿಕೊಳ್ಳುವ ಪ್ರಸಂಗಗಳು ಬರುತ್ತವೆ, ಕಳೆದುಕೊಂಡರೂ ಕಳೆಯುವುದು ಅಲ್ಪ.

ಕಪ್ಪುಹಲಗೆ:

ಬರಬೇಕಾದರೆ ಬೇರೆ ಬೇರೆ ಹಿನ್ನೆಲೆಯ ಮಕ್ಕಳು ಒಂದೇ ತರಗತಿಯಲ್ಲಿ ಕುಳಿತಿರಬೇಕು. ಶುಲ್ಕದ ಮಟ್ಟದಿಂದಲೇ ಸೋಸಿ ಒಂದೇ ಬಗೆಯ ಮನೆಗಳ ಮಕ್ಕಳನ್ನು ಸೇರಿಸುವ ಶಾಲೆಯಲ್ಲಿ ಆ ಅಭ್ಯಾಸ ನಡೆಯುವುದಿಲ್ಲ. ಅಲ್ಲಿ ಕಲಿತವರಿಗೆ ತಮ್ಮಂಥವರನ್ನು ನಂಬುವುದು ಮಾತ್ರ ಚೆನ್ನಾಗಿ ಬರುತ್ತದೆ, ಮೇಡಾಫ್‌ನ ಗ್ರಾಹಕರಿಗೆ ಬಂದಿದ್ದಂತೆ.

ಮೌನರಾಗ:

ಸಣ್ಣ ವಿಷಯಗಳಲ್ಲಿ ನಂಬಿ ನೋಡುವ ಸಲಹೆಯನ್ನು ಒಪ್ಪುತ್ತೇನೆ, ಆದರೆ ಮೊದಲ ಹೆಜ್ಜೆಯನ್ನು ನಷ್ಟವನ್ನು ತಾಳಲಾರದವರೇ ಏಕೆ ಇಡಬೇಕೆಂಬುದು ನನಗೆ ಇನ್ನೂ ಅರ್ಥವಾಗಿಲ್ಲ. ಒನೋರಾ ಓನೀಲ್ ಎಂಬ ತತ್ವಜ್ಞಾನಿ 2002ರ ತಮ್ಮ ಬಿಬಿಸಿ ಉಪನ್ಯಾಸಗಳಿಂದ ಹಿಡಿದು ಒತ್ತಿ ಹೇಳುತ್ತ ಬಂದಿರುವುದು, ನಂಬಿಕೆಯನ್ನು ಹೆಚ್ಚಿಸುವುದು ಗುರಿಯಾಗಬಾರದು, ನಂಬಿಕೆಗೆ ಅರ್ಹರಾಗಿರುವುದು ಮತ್ತು ಆ ಅರ್ಹತೆಯನ್ನು ಇತರರು ಸರಿನೋಡಲು ಬರುವಂತೆ ತೋರಿಸುವುದು ಗುರಿಯಾಗಬೇಕೆಂದು. ಹಾಗಾದರೆ ಕರಾರುಪತ್ರ ಬರೆಯುವವನು ಅದನ್ನು ಓದು ಬಾರದವನಿಗೂ ತಿಳಿಯುವಂತೆ ಬರೆಯಲಿ, ಮೂರನೆಯವರ ಮುಂದೆ ಓದಿ ಹೇಳಲಿ, ಒಪ್ಪಿಗೆ ಕೊಟ್ಟವನಿಗೆ ನಾಲ್ಕು ದಿನದೊಳಗೆ ಹಿಂದೆಗೆಯುವ ಹಕ್ಕನ್ನು ಉಳಿಸಲಿ. ವೈದ್ಯರು ಆಪರೇಷನ್ನಿನ ಬಗ್ಗೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರೆಂದು ತಾವಾಗಿಯೇ ಹೇಳಿ ಕಡತವನ್ನು ಕೈಗೆ ಕೊಡಲಿ. ಇವುಗಳಲ್ಲಿ ಯಾವುದೊಂದಕ್ಕೂ ಜನರ ಸ್ವಭಾವ ಬದಲಾಗುವವರೆಗೆ ಕಾಯಬೇಕಾಗಿಲ್ಲ.

ಶುಶ್ರೂಷಕಿ:

ಕಡತವನ್ನು ಕೈಗೆ ಕೊಡುವ ವೈದ್ಯರನ್ನು ನಾನು ನೋಡಿದ್ದೇನೆ. ಅವರ ರೋಗಿಗಳಲ್ಲಿ ಹೆಚ್ಚಿನವರು ಬೇರೆಲ್ಲಿಗೂ ಹೋಗಲಿಲ್ಲ, ನನ್ನನ್ನೂ ಏನೂ ಕೇಳಲಿಲ್ಲ.